ಕಂಪ್ರೆಷನ್ ಪರೀಕ್ಷೆ: ಚೆನ್ನೈನ ಹಳೆಯ ಬುಲೆಟ್‌ಗಳ ನಿದರ್ಶನ

ಕಂಪ್ರೆಷನ್ ಪರೀಕ್ಷೆಯೆಂದರೆ ಇಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಒತ್ತಡದ ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಮುಳ್ಳು ಏರುವುದು ನಿಲ್ಲುವ ತನಕ ಕಿಕ್ ಹೊಡೆದು, ಸಿಲಿಂಡರಿನೊಳಗಿನ ಗಾಳಿ ಎಷ್ಟು ಒತ್ತಡಕ್ಕೆ ಏರಿತು ಎಂದು ನೋಡುವ ಕ್ರಮ. ಪುಸ್ತಕದ ಕನ್ನಡದಲ್ಲಿ ಇದು ಸಂಪೀಡನೆ. ಗ್ಯಾರೇಜಿನಲ್ಲಿ ಆ ಮಾತು ಕೇಳಿಬರುವುದಿಲ್ಲ, ‘ಕಂಪ್ರೆಷನ್ ಇದೆ’ ಅಥವಾ ‘ಕಂಪ್ರೆಷನ್ ಹೋಗಿದೆ’ ಎಂದಷ್ಟೇ. ಪಿಸ್ಟನ್ ರಿಂಗು, ಸಿಲಿಂಡರಿನ ಗೋಡೆ, ವಾಲ್ವುಗಳು, ಹೆಡ್ ಗ್ಯಾಸ್ಕೆಟ್ ಇವುಗಳಲ್ಲಿ ಯಾವುದು ಸೋತರೂ ಗಾಳಿ ಸೋರುತ್ತದೆ, ಮುಳ್ಳು ಕೆಳಗೇ ನಿಲ್ಲುತ್ತದೆ. ಹಾಗಾಗಿ ಹಳೆಯ ಬೈಕ್ ಕೊಳ್ಳುವವರು, ಮಾರುವವರು, ರಿಪೇರಿ ಮಾಡುವವರು ಎಲ್ಲರೂ ಈ ಅಂಕಿಯನ್ನು ಜಾತಕದ ಹಾಗೆ ನೋಡುತ್ತಾರೆ. ಆದರೆ ಜಾತಕ ಬರೆಯುವುದಕ್ಕೆ ಬೇಕಾದಷ್ಟು ಮಾಹಿತಿ ಆ ಒಂದು ಅಂಕಿಯಲ್ಲಿ ಇಲ್ಲ. ಒಂಟಿ ಸಿಲಿಂಡರಿನ ಹಳೆಯ ಬೈಕಿನಲ್ಲಿ ಗೇಜಿನ ಅಂಕಿಗೆ ಬೆಲೆ ಬರುವುದು ಅದೇ ಇಂಜಿನ್ನಿನ ಹಿಂದಿನ ಅಂಕಿಯ ಪಕ್ಕ ಇಟ್ಟಾಗ, ಜೊತೆಗೆ ಗಾಳಿ ಯಾವ ಕಡೆಯಿಂದ ಹೋಗುತ್ತಿದೆ ಎಂಬುದನ್ನು ಬೇರೆ ದಾರಿಯಿಂದ ಕಂಡುಕೊಂಡಾಗ.

ಇದನ್ನು ನೋಡಲು ಚೆನ್ನೈಗಿಂತ ಒಳ್ಳೆಯ ಜಾಗ ಇಂಡಿಯಾದಲ್ಲಿ ಇಲ್ಲ. ಇಂಗ್ಲೆಂಡಿನ ರೆಡ್ಡಿಚ್‌ನ ರಾಯಲ್ ಎನ್‌ಫೀಲ್ಡ್ ಕಂಪನಿಯೂ ಮದ್ರಾಸ್ ಮೋಟಾರ್ಸ್ ಕಂಪನಿಯೂ 1955ರಲ್ಲಿ ಸೇರಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿದವು. ನಗರದ ಉತ್ತರದಂಚಿನ ತಿರುವೊಟ್ಟಿಯೂರಿನಲ್ಲಿ ಬುಲೆಟ್ 350 ತಯಾರಾಗತೊಡಗಿತು. ರೆಡ್ಡಿಚ್‌ನ ಕಾರ್ಖಾನೆ 1967ರಲ್ಲಿ ಬಾಗಿಲು ಹಾಕಿತು. ಅದು ಬಿಟ್ಟುಹೋದ ಇಂಜಿನ್ ಮಾತ್ರ ತಿರುವೊಟ್ಟಿಯೂರಿನಲ್ಲಿ ಇನ್ನೂ ನಾಲ್ಕು ದಶಕ ಬದುಕಿತು. 70 ಮಿಮೀ ಬೋರ್, 90 ಮಿಮೀ ಸ್ಟ್ರೋಕ್, 346 ಸಿಸಿ, ಬೀಡುಕಬ್ಬಿಣದ ಸಿಲಿಂಡರ್, ಅದರ ಮೇಲೆ ಅಲ್ಯುಮಿನಿಯಂ ಹೆಡ್. ಪಿಸ್ಟನ್ನಿಗೂ ರಿಂಗಿಗೂ ಬಹಳ ದೂರ ಹೋಗಬೇಕಾಗಿರಲಿಲ್ಲ. ಅಮಾಲ್ಗಮೇಷನ್ಸ್ ಸಮೂಹದ ಇಂಡಿಯಾ ಪಿಸ್ಟನ್ಸ್ 1949ರಿಂದಲೇ ಸೆಂಬಿಯಂನಲ್ಲಿತ್ತು. ಇಷ್ಟು ದೀರ್ಘಕಾಲ ಒಂದೇ ನಮೂನೆ ನಡೆದುಬಂದದ್ದರಿಂದ ಆದ ಲಾಭ ಎಲ್ಲರಿಗೂ ಗೊತ್ತು, ಬಿಡಿಭಾಗ ಸಿಗುತ್ತದೆ. ಅದರಿಂದಾದ ಗೊಂದಲವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಎಗ್ಮೋರಿನ ಪಕ್ಕದ ಪುದುಪೇಟೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಒಂದು ದಶಕದ ಹೆಡ್ಡು ಇನ್ನೊಂದು ದಶಕದ ಬ್ಲಾಕಿನ ಮೇಲೆ ಸಲೀಸಾಗಿ ಕೂರುತ್ತದೆ. ಆರ್‌ಸಿ ಪುಸ್ತಕದಲ್ಲಿ 1968 ಎಂದಿರುವ ಬೈಕಿನೊಳಗೆ 1990ರ ದಶಕದ ಪಿಸ್ಟನ್ ಇರುವುದು ಸಾಮಾನ್ಯ ಸಂಗತಿ. ಅಂಥ ಇಂಜಿನ್ನಿಗೆ ಕಂಪನಿಯ ಕೈಪಿಡಿಯಲ್ಲಿರುವ ಅಂಕಿ ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ?

ಗೇಜ್ ಬರುವ ಮುಂಚಿನಿಂದಲೂ ಬುಲೆಟ್ಟಿನಲ್ಲಿ ಒಂದು ಪರೀಕ್ಷೆ ಇದೆ, ಅದು ಕಾಲಿನ ಪರೀಕ್ಷೆ. ಕಾಯಿಲ್ ಇಗ್ನಿಷನ್ನಿನ ಹಳೆಯ ಬುಲೆಟ್ ಸ್ಟಾರ್ಟ್ ಮಾಡುವವರು ಮೊದಲು ಕೀ ತಿರುಗಿಸಿ, ಹೆಡ್‌ಲೈಟಿನ ಮೇಲಿರುವ ಆಂಪಿಯರ್ ಮೀಟರನ್ನು ನೋಡುತ್ತ ಕಿಕ್ಕರನ್ನು ಮೆಲ್ಲಗೆ ಒತ್ತುತ್ತಾರೆ. ಎಡಕ್ಕೆ ವಾಲಿದ ಮುಳ್ಳು ನಡುವಿಗೆ ಬಂದಾಗ ಪಾಯಿಂಟು ತೆರೆದಿದೆ, ಪಿಸ್ಟನ್ ಟಾಪ್‌ಗೆ ಸಮೀಪಿಸಿದೆ ಎಂದರ್ಥ. ಆಗ ಹ್ಯಾಂಡಲಿನಲ್ಲಿರುವ ಪುಟ್ಟ ಡಿಕಂಪ್ರೆಷನ್ ಲಿವರ್ ಎಳೆದರೆ ಎಕ್ಸಾಸ್ಟ್ ವಾಲ್ವು ಕೊಂಚ ಎದ್ದು ಒಳಗಿನ ಗಾಳಿ ಹೊರಹೋಗುತ್ತದೆ. ಕಿಕ್ಕರ್ ಒಂದಿಷ್ಟು ಮುಂದೆ ಜಾರುತ್ತದೆ. ಲಿವರ್ ಬಿಟ್ಟು, ಕಿಕ್ಕರನ್ನು ಮೇಲೆ ಬರಗೊಟ್ಟು, ಒಂದೇ ಏಟು. ಈ ಲಿವರ್ ಎಳೆಯದೆ ಕಿಕ್ಕರಿನ ಮೇಲೆ ಮೈಭಾರ ಬಿಟ್ಟು ನಿಂತರೆ ಒಳ್ಳೆಯ ಇಂಜಿನ್ ಆ ಭಾರವನ್ನು ತುಸು ಹೊತ್ತು ಹೊರುತ್ತದೆ, ಆಮೇಲೆ ಮೆಲ್ಲಗೆ ಬಿಟ್ಟುಕೊಡುತ್ತದೆ. ಸೋತ ಇಂಜಿನ್ ಕಾಲನ್ನು ನೇರ ನೆಲಕ್ಕೆ ಇಳಿಸಿಬಿಡುತ್ತದೆ. ಮೆಕ್ಯಾನಿಕ್ಕುಗಳ ಈ ಅಭ್ಯಾಸವನ್ನು ಅಂದಾಜಿನ ಆಟವೆಂದು ತಳ್ಳಿಹಾಕುವವರಿದ್ದಾರೆ. ನಿಜ ನೋಡಿದರೆ ಗೊತ್ತಿರುವ ಭಾರ ಹೇರಿ, ಅದು ಇಳಿಯಲು ಹಿಡಿಯುವ ಹೊತ್ತನ್ನು ಅಳೆಯುವುದು ಸೋರಿಕೆಯ ಪರೀಕ್ಷೆಯೇ. ಅದರ ಕೊರತೆ ಒಂದೇ: ಅರವತ್ತು ಕಿಲೋದ ಹುಡುಗನ ಕಾಲಿಗೂ ತೊಂಬತ್ತು ಕಿಲೋದ ಮೇಸ್ತ್ರಿಯ ಕಾಲಿಗೂ ಉತ್ತರ ಬೇರೆ ಬೇರೆ ಬರುತ್ತದೆ, ಅದನ್ನು ಯಾರೂ ಬರೆದಿಡುವುದೂ ಇಲ್ಲ.

ಗೇಜಿಗೆ ಈ ಕೊರತೆ ಇಲ್ಲವೆಂದು ತೋರುತ್ತದೆ. ಅದೂ ಪೂರ್ತಿ ನಿಜವಲ್ಲ. ಕಂಪ್ರೆಷನ್ ಅನುಪಾತ, ಅಂದರೆ ಪಿಸ್ಟನ್ ಕೆಳಗಿದ್ದಾಗಿನ ಜಾಗ ಅದು ಮೇಲಿದ್ದಾಗಿನ ಜಾಗದ ಎಷ್ಟು ಪಟ್ಟು ಎಂಬುದು, 7.25 ಎಂದು ಹಿಡಿದು ಲೆಕ್ಕ ಹಾಕೋಣ. ಸಮುದ್ರಮಟ್ಟದಲ್ಲಿ ಹೊರಗಿನ ಗಾಳಿಯ ಒತ್ತಡ 14.7 ಪಿಎಸ್‌ಐ. ಒತ್ತಿದಾಗ ಹುಟ್ಟುವ ಬಿಸಿಯೆಲ್ಲ ಸಿಲಿಂಡರಿನ ಗೋಡೆ ಹೀರಿಕೊಂಡಿತು ಎಂದುಕೊಂಡರೆ ಗೇಜು ತೋರಿಸಬೇಕಾದದ್ದು ಸುಮಾರು 92. ಬಿಸಿ ಒಂದಿಷ್ಟೂ ಹೊರಹೋಗಲಿಲ್ಲ ಎಂದುಕೊಂಡರೆ 220ರ ಹತ್ತಿರ. ಒಂದು ತೊಟ್ಟು ಗಾಳಿಯೂ ಸೋರದ ಇಂಜಿನ್ನಿನಲ್ಲೇ ಎರಡರಷ್ಟಕ್ಕಿಂತ ಹೆಚ್ಚು ಅಂತರ! ಕಿಕ್ಕಿನ ವೇಗ, ಗೋಡೆಯ ಬಿಸಿ, ಇನ್ಲೆಟ್ ವಾಲ್ವು ಎಷ್ಟು ತಡವಾಗಿ ಮುಚ್ಚುತ್ತದೆ ಎಂಬುದರ ಮೇಲೆ ನಿಜವಾದ ಅಂಕಿ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಪಿಸ್ಟನ್ ಮೇಲೇಳತೊಡಗಿದ ಮೇಲೂ ಇನ್ಲೆಟ್ ವಾಲ್ವು ಸ್ವಲ್ಪ ಹೊತ್ತು ತೆರೆದೇ ಇರುವುದರಿಂದ ಸಾಮಾನ್ಯವಾಗಿ ಅದು ಕೆಳಗಿನ ತುದಿಯ ಕಡೆಗೇ ವಾಲುತ್ತದೆ. ಇನ್ನು ಊರಿನ ಎತ್ತರ. ಚೆನ್ನೈ ಕಡಲತಡಿಯಲ್ಲಿದೆ, ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆ. ಚೆನ್ನೈನಲ್ಲಿ 110 ತೋರಿಸಿದ ಬುಲೆಟ್ಟನ್ನು ಲಾರಿಯಲ್ಲಿ ಹಾಕಿ ಬೆಂಗಳೂರಿಗೆ ತಂದು ಅದೇ ಗೇಜಿನಲ್ಲಿ ನೋಡಿದರೆ 99 ತೋರಿಸುತ್ತದೆ. ಊಟಿಗೆ ಒಯ್ದರೆ ಸುಮಾರು 84. ‘ತಂದ ಮೇಲೆ ಕಂಪ್ರೆಷನ್ ಬಿದ್ದುಹೋಯಿತು’ ಎಂದು ಮಾರಿದವರ ಮೇಲೆ ಜಗಳಕ್ಕೆ ಹೋಗುವ ಮುಂಚೆ ಕೊಂಡವರು ಈ ಲೆಕ್ಕ ಮಾಡುವುದು ಒಳ್ಳೆಯದು.

ಗೇಜಿನ ಪೈಪು ಇನ್ನೊಂದು ಚೋರ. ಒಳ್ಳೆಯ ಗೇಜಿನಲ್ಲಿ ಗಾಳಿಯನ್ನು ಹಿಂದಕ್ಕೆ ಬಿಡದ ಪುಟ್ಟ ವಾಲ್ವು ಪ್ಲಗ್ ತೂತಿಗೆ ಸೇರುವ ತುದಿಯಲ್ಲೇ ಇರುತ್ತದೆ. ಅಗ್ಗದ ಗೇಜಿನಲ್ಲಿ ಅದು ಮೀಟರಿನ ಬುಡದಲ್ಲಿರುತ್ತದೆ; ಆಗ ಪೈಪಿನೊಳಗಿನ ಜಾಗವೂ ಸಿಲಿಂಡರಿನ ಜಾಗಕ್ಕೆ ಸೇರಿಬಿಡುತ್ತದೆ. ಒಳವ್ಯಾಸ 5 ಮಿಮೀ, ಉದ್ದ 30 ಸೆಂಮೀ ಇರುವ ಪೈಪು ಆರು ಸಿಸಿ ಗಾಳಿ ಹಿಡಿಯುತ್ತದೆ. ಬುಲೆಟ್ಟಿನಲ್ಲಿ ಪಿಸ್ಟನ್ ಟಾಪ್ ಮುಟ್ಟಿದಾಗ ಉಳಿಯುವ ಜಾಗ 55 ಸಿಸಿಯಷ್ಟು. ಆರು ಸೇರಿದರೆ 7.25ರ ಅನುಪಾತ 6.6ಕ್ಕೆ ಇಳಿಯುತ್ತದೆ. ಹೊಸೂರಿನಲ್ಲಿ 1980ರಿಂದ ತಯಾರಾದ ಟಿವಿಎಸ್ 50ರಂಥ ಪುಟ್ಟ ಗಾಡಿಗೆ ಇದೇ ಗೇಜು ಹಾಕಿದರೆ ಅಂಕಿ ನಗೆಪಾಟಲಾಗುತ್ತದೆ, ಏಕೆಂದರೆ ಐವತ್ತು ಸಿಸಿ ಇಂಜಿನ್ನಿನಲ್ಲಿ ಉಳಿಯುವ ಜಾಗವೇ ಏಳೆಂಟು ಸಿಸಿ. ಆದ್ದರಿಂದ ಇಬ್ಬರು ಬೇರೆ ಬೇರೆ ಗೇಜಿನಲ್ಲಿ ತೆಗೆದ ಅಂಕಿಗಳನ್ನು ಹೋಲಿಸುವುದು ಎರಡು ಅಂಗಡಿಯ ತಕ್ಕಡಿಗಳನ್ನು ನಂಬಿದ ಹಾಗೆ. ಕ್ರಮದಲ್ಲೂ ಶಿಸ್ತು ಬೇಕು: ಪೆಟ್ರೋಲ್ ಟ್ಯಾಪ್ ಮುಚ್ಚಿರಬೇಕು, ಇಗ್ನಿಷನ್ ಆಫ್ ಆಗಿರಬೇಕು, ಆಕ್ಸಿಲರೇಟರ್ ಪೂರ್ತಿ ತೆರೆದಿರಬೇಕು, ಚೋಕ್ ಹಾಕಿರಬಾರದು. ಆಕ್ಸಿಲರೇಟರ್ ಮುಚ್ಚಿಟ್ಟು ಕಿಕ್ ಹೊಡೆದು ‘ರಿಂಗ್ ಹೋಗಿದೆ’ ಎಂದು ತೀರ್ಪು ಕೊಡುವುದು ಮೂಗು ಹಿಡಿದು ಉಸಿರಾಟ ಪರೀಕ್ಷಿಸಿದಂತೆ. ಇಂಜಿನ್ ಬೆಚ್ಚಗಿದ್ದರೆ ಒಳ್ಳೆಯದೆಂದು ಪುಸ್ತಕಗಳು ಹೇಳುತ್ತವೆ. ಆದರೆ ಕಾದ ಅಲ್ಯುಮಿನಿಯಂ ಹೆಡ್ಡಿನಿಂದ ಪ್ಲಗ್ ಬಿಚ್ಚಿದರೆ ಹಳೆಯ ಥ್ರೆಡ್ಡೂ ಜೊತೆಗೆ ಬರುವ ಭಯವಿದೆ. ಬೆಚ್ಚಗೋ ತಣ್ಣಗೋ, ಪ್ರತಿ ಸಲವೂ ಒಂದೇ ರೀತಿ ಮಾಡಿದರೆ ಸಾಕು.

‘ಬೈಕ್ ಹೈವೇಯಲ್ಲಿ ಸೊಗಸಾಗಿ ಓಡುತ್ತಿದೆ, ಪರೀಕ್ಷೆ ಯಾತಕ್ಕೆ?’ ಎಂಬ ಪ್ರಶ್ನೆ ಸಹಜ. ಕಿಕ್ಕಿನಲ್ಲಿ ಇಂಜಿನ್ ನಿಮಿಷಕ್ಕೆ 250 ಸುತ್ತು ತಿರುಗಿತೆಂದರೆ ಪಿಸ್ಟನ್ ಕೆಳಗಿನಿಂದ ಮೇಲೆ ಬರಲು 0.12 ಸೆಕೆಂಡ್ ಬೇಕು. ಮೂರು ಸಾವಿರ ಸುತ್ತಿನಲ್ಲಿ 0.01 ಸೆಕೆಂಡ್. ಸೋರುವ ಸಂದು ಒಂದೇ ಆದರೂ, ಸೋರಲು ಸಿಗುವ ಹೊತ್ತು ಹನ್ನೆರಡು ಪಟ್ಟು ಕಡಿಮೆ. ಓಡುವಾಗ ಗೊತ್ತೇ ಆಗದ ದೋಷ ಬೆಳಿಗ್ಗೆ ಕಿಕ್ ಹೊಡೆಯುವಾಗ ಬೆವರಿಳಿಸುವುದು ಇದೇ ಕಾರಣಕ್ಕೆ. ಹಾಗಾಗಿ ಚೆನ್ನಾಗಿ ಓಡುತ್ತದೆ ಎಂಬ ಮಾತು ಕಂಪ್ರೆಷನ್ನಿಗೆ ಸಾಕ್ಷಿಯಲ್ಲ. ತಿರುಗಿಸಿ ಹೇಳಿದರೆ, ಕಿಕ್ಕಿನ ಪರೀಕ್ಷೆಯಲ್ಲಿ ಕಡಿಮೆ ಅಂಕಿ ಬಂತೆಂದು ಇಂಜಿನ್ ಕೈಬಿಟ್ಟಿದೆ ಎನ್ನುವುದೂ ಆತುರ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಬೈಕನ್ನೇ ತೆಗೆದುಕೊಳ್ಳಿ. ಚೆನ್ನೈನ ಉಪ್ಪುಗಾಳಿಗೆ ಬೀಡುಕಬ್ಬಿಣದ ಗೋಡೆಯ ಮೇಲೆ ತೆಳು ತುಕ್ಕು ಕೂರುತ್ತದೆ, ಎಣ್ಣೆಯೆಲ್ಲ ಕೆಳಗೆ ಇಳಿದಿರುತ್ತದೆ, ತೆರೆದೇ ಉಳಿದ ವಾಲ್ವಿನ ಸೀಟಿನ ಮೇಲೂ ತುಕ್ಕು ಹಿಡಿದಿರುತ್ತದೆ. ಅಂಥ ಬೈಕಿನ ಮೊದಲ ಅಂಕಿಗೆ ಬೆಲೆ ಕೊಡಬಾರದು. ಸ್ಟಾರ್ಟ್ ಆದರೆ ಒಂದಿಷ್ಟು ದಿನ ಓಡಿಸಿ ಮತ್ತೆ ನೋಡಬೇಕು.

ಕಡಿಮೆ ಅಂಕಿ ಬಂದಾಗ ಮಾಡುವ ಎರಡನೆಯ ಪರೀಕ್ಷೆ ಪ್ಲಗ್ ತೂತಿನಿಂದ ಸ್ವಲ್ಪ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯುವುದು. ಅಂಕಿ ಏರಿದರೆ ರಿಂಗು, ಏರದಿದ್ದರೆ ವಾಲ್ವು ಎಂಬುದು ಎಲ್ಲ ಕಡೆ ಹೇಳುವ ಸೂತ್ರ. ಸೂತ್ರ ತಪ್ಪಲ್ಲ, ಅರ್ಧ ಮಾತ್ರ. ಎಣ್ಣೆ ರಿಂಗಿನ ಸಂದು ಮುಚ್ಚುವುದಷ್ಟೇ ಅಲ್ಲ, ಜಾಗವನ್ನೂ ತಿನ್ನುತ್ತದೆ. ಬುಲೆಟ್ಟಿನ 55 ಸಿಸಿಯಲ್ಲಿ ಹತ್ತು ಸಿಸಿ ಎಣ್ಣೆ ನಿಂತರೆ ಅನುಪಾತ 7.25ರಿಂದ 8.7ಕ್ಕೆ ಜಿಗಿಯುತ್ತದೆ, ರಿಂಗು ಹೊಚ್ಚಹೊಸದಾಗಿದ್ದರೂ ಮುಳ್ಳು ಮೇಲೇರುತ್ತದೆ. ಐದು ಸಿಸಿ ಹಾಕಿದರೂ ಅನುಪಾತ ಎಂಟು ಪ್ರತಿಶತಕ್ಕಿಂತ ಹೆಚ್ಚು ಏರುತ್ತದೆ. ‘ಒಂದು ಮುಚ್ಚಳ ಆಯಿಲ್ ಬಿಟ್ಟೆ, ಹತ್ತು ಪಾಯಿಂಟ್ ಏರಿತು, ಬೋರ್ ಮಾಡಿಸಲೇಬೇಕು’ ಎಂಬ ಸಲಹೆಯ ಹಿಂದಿರುವುದು ಈ ಲೆಕ್ಕದ ಮರೆವು. ಒಂದು ಟೀ ಚಮಚ ಸಾಕು. ಹಾಕಿದ ಮೇಲೆ ಕೆಲವು ಸಲ ಕಿಕ್ ಮಾಡಿ ಎಣ್ಣೆ ಹರಡಿದ ಮೇಲೆ ಅಳೆಯಬೇಕು. ಏರಿಕೆ ದೊಡ್ಡದಾಗಿದ್ದರೆ ಮಾತ್ರ ರಿಂಗನ್ನು ಶಂಕಿಸಬೇಕು.

ಗೇಜು ಹೆಚ್ಚು ತೋರಿಸಿದಾಗಲೂ ಅದು ಸುಳ್ಳಾಡಬಹುದು. ಆಯಿಲ್ ರಿಂಗು ಸವೆದು ಎಣ್ಣೆ ಮೇಲೇರುವ ಇಂಜಿನ್ನಿನಲ್ಲಿ ಆ ಎಣ್ಣೆಯೇ ಸಂದು ಮುಚ್ಚಿ ಒಳ್ಳೆಯ ಅಂಕಿ ಕೊಡಿಸುತ್ತದೆ. ಸೈಲೆನ್ಸರಿನಲ್ಲಿ ಮಾತ್ರ ನೀಲಿ ಹೊಗೆ. ಉರಿದ ಎಣ್ಣೆಯ ಕರಿ ಪಿಸ್ಟನ್ ತಲೆಯ ಮೇಲೆ ಗಟ್ಟಿಯಾಗಿ ಕೂತು ಜಾಗ ಕಿರಿದು ಮಾಡಿ ಅಂಕಿಯನ್ನು ಇನ್ನೂ ಏರಿಸುತ್ತದೆ. ಬೋರ್ ಕೊರೆಸಿ 60 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು) ದೊಡ್ಡ ಪಿಸ್ಟನ್ ಹಾಕಿದ ಬುಲೆಟ್ ಸುಮಾರು 362 ಸಿಸಿ ಆಗುತ್ತದೆ, ಅನುಪಾತ ತಾನಾಗಿ 7.5ರ ಆಚೆ ಹೋಗುತ್ತದೆ. ಇವ್ಯಾವುವೂ ಆರೋಗ್ಯದ ಲಕ್ಷಣಗಳಲ್ಲ. ಹಾಗೆಯೇ ಸೋರಿಕೆಯೇ ಇಲ್ಲದೆ ಅಂಕಿ ಬೀಳುವುದೂ ಉಂಟು. 2015ರ ಡಿಸೆಂಬರಿನ ಮಳೆಯಲ್ಲಿ, ಮತ್ತೆ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಚೆನ್ನೈನ ಬೀದಿಗಳೇ ನೀರಿನಲ್ಲಿ ಮುಳುಗಿದವು. ಓಡುತ್ತಿರುವ ಇಂಜಿನ್ ಅಂಥ ನೀರು ಎಳೆದುಕೊಂಡರೆ, ನೀರು ಗಾಳಿಯ ಹಾಗೆ ಕುಗ್ಗದ ಕಾರಣ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಒಂದು ಮಿಲಿಮೀಟರಿನಷ್ಟು ಗಿಡ್ಡವಾದರೂ ಪಿಸ್ಟನ್ ಅಷ್ಟು ಕೆಳಗೇ ನಿಲ್ಲುತ್ತದೆ, ಉಳಿಯುವ ಜಾಗ ಸುಮಾರು ನಾಲ್ಕು ಸಿಸಿ ಹಿಗ್ಗುತ್ತದೆ, ಅನುಪಾತ 6.8ಕ್ಕೆ ಇಳಿಯುತ್ತದೆ. ರಿಂಗು ಬದಲಿಸಿದರೂ ವಾಲ್ವು ತಿಕ್ಕಿದರೂ ಆ ಅಂಕಿ ಮೇಲೇಳುವುದಿಲ್ಲ.

ಬುಲೆಟ್ಟಿನಲ್ಲಿ ಕಡಿಮೆ ಅಂಕಿಯ ಮೊದಲ ಆರೋಪಿಗಳು ಎರಡು, ಎರಡನ್ನೂ ಹೆಡ್ ಇಳಿಸದೆ ನೋಡಬಹುದು. ಒಂದು, ಡಿಕಂಪ್ರೆಷನ್ ಕೇಬಲ್. ಅದು ಬಿಗಿಯಾಗಿದ್ದರೆ ಎಕ್ಸಾಸ್ಟ್ ವಾಲ್ವು ಯಾವಾಗಲೂ ಕೂದಲೆಳೆಯಷ್ಟು ಎದ್ದೇ ಇರುತ್ತದೆ. ಎರಡು, ಟ್ಯಾಪೆಟ್. ಇಂಜಿನ್ನಿನ ಬಲಮಗ್ಗುಲಿನ ಪುಟ್ಟ ಮುಚ್ಚಳ ತೆಗೆದರೆ ಪುಶ್‌ರಾಡುಗಳ ಬುಡ ಕಾಣುತ್ತದೆ. ತಣ್ಣಗಿರುವ ಇಂಜಿನ್ನಿನಲ್ಲಿ ಬೆರಳಿನಿಂದ ರಾಡನ್ನು ಸಲೀಸಾಗಿ ತಿರುಗಿಸಲು ಬರಬೇಕು, ಆದರೆ ಮೇಲೆ ಕೆಳಗೆ ಅಲ್ಲಾಡಬಾರದು. ತಿರುಗದಿದ್ದರೆ ವಾಲ್ವು ಸೀಟಿನ ಮೇಲೆ ಪೂರ್ತಿ ಕೂರುತ್ತಿಲ್ಲ. ಸೀಸವಿಲ್ಲದ ಪೆಟ್ರೋಲ್ ಚೆನ್ನೈಗೆ 1995ರಲ್ಲಿ ಬಂತು, 2000ದ ಫೆಬ್ರವರಿಯಿಂದ ದೇಶವೆಲ್ಲ ಅದೇ. ಹಳೆಯ ಮೆತ್ತನೆ ಸೀಟುಗಳಿಗೆ ಸೀಸ ಒಂದು ಬಗೆಯ ಮೆತ್ತೆಯಾಗಿತ್ತು. ಅದು ಹೋದ ಮೇಲೆ ಎಕ್ಸಾಸ್ಟ್ ವಾಲ್ವು ಸೀಟಿನೊಳಗೆ ಕುಸಿಯುತ್ತ ಹೋಗುವ ಸಂಭವ ಹೆಚ್ಚಿತು, ಕುಸಿದಂತೆ ಟ್ಯಾಪೆಟ್ಟಿನ ಸಂದು ತಾನಾಗಿ ಮುಚ್ಚುತ್ತದೆ. ಎರಡು ಸ್ಪ್ಯಾನರಿನಲ್ಲಿ ಹತ್ತು ನಿಮಿಷದ ಕೆಲಸ ಮಾಡದೆ ಇಂಜಿನ್ ಬಿಚ್ಚಿದ ಬೈಕುಗಳಿಗೆ ಲೆಕ್ಕವಿಲ್ಲ.

ಸೋರಿಕೆಯ ಜಾಗ ಹೇಳುವ ಪರೀಕ್ಷೆ ಬೇರೆಯೇ ಇದೆ. ಎರಡೂ ವಾಲ್ವು ಮುಚ್ಚಿರುವಂತೆ ಪಿಸ್ಟನ್ನನ್ನು ಟಾಪ್‌ನಲ್ಲಿ ನಿಲ್ಲಿಸಿ, ಪ್ಲಗ್ ತೂತಿನಿಂದ ಕಂಪ್ರೆಸರಿನ ಗಾಳಿ ಬಿಟ್ಟು, ಎಲ್ಲಿ ಸುಯ್ಯೆನ್ನುತ್ತದೆ ಎಂದು ಕಿವಿಗೊಡುವುದು. ಎರಡು ಗೇಜಿನ ಲೀಕ್‌ಡೌನ್ ಸಾಧನವಿದ್ದರೆ ಬಿಟ್ಟ ಗಾಳಿಯಲ್ಲಿ ಎಷ್ಟು ಪಾಲು ಸೋರಿತು ಎಂದು ಪ್ರತಿಶತದಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಹಳೆಯ ಮೈಕೋ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಉಳಿದ ಕಬ್ಬಿಣದ ಅಂಚಿಗೆ ಟ್ಯೂಬಿನ ವಾಲ್ವು ಬೆಸೆದರೆ ಪಂಕ್ಚರ್ ಅಂಗಡಿಯ ಗಾಳಿಯೇ ಸಾಕು. ಕಾರ್ಬುರೇಟರಿನಲ್ಲಿ ಸದ್ದು ಬಂದರೆ ಇನ್ಲೆಟ್ ವಾಲ್ವು, ಸೈಲೆನ್ಸರಿನ ಬಾಯಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವು, ಆಯಿಲ್ ಮುಚ್ಚಳ ತೆಗೆದಾಗ ಒಳಗಿಂದ ಬಂದರೆ ರಿಂಗು. ಹೆಡ್ಡಿನ ಅಂಚಿಗೆ ಸೋಪಿನ ನೀರು ಹಚ್ಚಿದಾಗ ಗುಳ್ಳೆ ಎದ್ದರೆ ಗ್ಯಾಸ್ಕೆಟ್ಟು. ಎಚ್ಚರಿಕೆ ಒಂದು: 70 ಮಿಮೀ ಪಿಸ್ಟನ್ನಿನ ಮೇಲೆ 80 ಪಿಎಸ್‌ಐ ಗಾಳಿ ಬಿಟ್ಟರೆ ಅದು ಇನ್ನೂರು ಕಿಲೋ ಮೀರಿದ ಭಾರ. ಪಿಸ್ಟನ್ ಟಾಪ್‌ನಿಂದ ಒಂದಿಷ್ಟು ಆಚೀಚೆ ಇದ್ದರೂ ಇಂಜಿನ್ ಥಟ್ಟನೆ ತಿರುಗುತ್ತದೆ, ಕಿಕ್ಕರಿನ ದಾರಿಯಲ್ಲಿ ಕಾಲು ಇರಬಾರದು. ಟಾಪ್ ಗೇರಿಗೆ ಹಾಕಿ ಹಿಂದಿನ ಬ್ರೇಕ್ ಬಿಗಿಯಾಗಿ ಒತ್ತಿ ಹಿಡಿಯುವುದು ವಾಡಿಕೆ. ಬಾಗಿದ ಕನೆಕ್ಟಿಂಗ್ ರಾಡಿನ ಗುಟ್ಟು ರಟ್ಟಾಗುವುದೂ ಇಲ್ಲೇ: ಕಂಪ್ರೆಷನ್ ಅಂಕಿ ಕಡಿಮೆ, ಸೋರಿಕೆ ಇಲ್ಲ ಎಂದರೆ ದೋಷ ಬೇರೆಲ್ಲೋ ಇದೆ.

ಟೂ ಸ್ಟ್ರೋಕ್ ಗಾಡಿಗಳಲ್ಲಿ ಗೇಜಿನ ಮಿತಿ ಇನ್ನೂ ಢಾಳಾಗಿ ಕಾಣುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರ ತನಕ ಹೊರಬಂದ ಜಾವಾ, ಯೆಜ್ಡಿಗಳಲ್ಲಿ ವಾಲ್ವೇ ಇಲ್ಲ. ಎಣ್ಣೆ ಹಾಕಿ ರಿಂಗೋ ವಾಲ್ವೋ ಎಂದು ಕೇಳುವ ಪ್ರಶ್ನೆಗೆ ಅಲ್ಲಿ ಅರ್ಥವಿಲ್ಲ. ಅವುಗಳಲ್ಲಿ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲೂ ಗಾಳಿ ಒತ್ತಡಕ್ಕೆ ಸಿಗಬೇಕು. ಕ್ರ್ಯಾಂಕಿನ ಆಯಿಲ್ ಸೀಲ್ ಗಟ್ಟಿಯಾಗಿ ಬಿರಿದರೆ ಬೈಕ್ ಐಡ್ಲಿಂಗಿನಲ್ಲಿ ನಿಲ್ಲುವುದಿಲ್ಲ, ಮೇಲಿನ ಗೇಜು ಮಾತ್ರ ಎಲ್ಲ ಸರಿಯಿದೆ ಎನ್ನುತ್ತದೆ. ಎಸ್ಕಾರ್ಟ್ಸ್ 1983ರಲ್ಲಿ ಮಾರುಕಟ್ಟೆಗೆ ತಂದ ರಾಜ್‌ದೂತ್ 350 ಎರಡು ಸಿಲಿಂಡರಿನದು, ಅದಕ್ಕೊಂದು ಸೌಕರ್ಯ ಇದೆ: ಗೇಜು ಅಗ್ಗದ್ದಾಗಿರಲಿ, ಊರು ಎತ್ತರದಲ್ಲಿರಲಿ, ತಪ್ಪು ಎರಡೂ ಸಿಲಿಂಡರಿಗೆ ಸಮನಾಗಿ ಬೀಳುತ್ತದೆ, ಎಡಬಲದ ವ್ಯತ್ಯಾಸ ಹತ್ತು ಪ್ರತಿಶತ ಮೀರಿತೇ ಎಂದಷ್ಟೇ ನೋಡಿದರಾಯಿತು. ಬುಲೆಟ್ಟಿನ ಒಂಟಿ ಸಿಲಿಂಡರಿಗೆ ಹೋಲಿಸಿ ನೋಡಲು ಒಡಹುಟ್ಟಿಲ್ಲ. ಅದಕ್ಕಿರುವುದು ಅದರ ನಿನ್ನೆಯ ಅಂಕಿ ಮಾತ್ರ.

ಇಷ್ಟೆಲ್ಲ ತಾಪತ್ರಯ ಯಾಕೆ, ಹೆಡ್ ಇಳಿಸಿ ಕಣ್ಣಾರೆ ನೋಡಿದರೆ ಮುಗಿಯಿತಲ್ಲ ಎನ್ನುವವರ ವಾದ ಗಟ್ಟಿಯಾದದ್ದೇ. ಗೋಡೆಯ ಗೀರು, ಸುಟ್ಟ ವಾಲ್ವು ಕಣ್ಣಿಗೆ ಕಂಡಷ್ಟು ಸ್ಪಷ್ಟವಾಗಿ ಕಿವಿಗೆ ಕೇಳುವುದಿಲ್ಲ. ಆದರೆ ಬಿಚ್ಚುವುದಕ್ಕೆ ಬೆಲೆ ಇದೆ. ಬಿಚ್ಚಿದ ಮೇಲೆ ‘ಹೇಗೂ ಬಿಚ್ಚಿದ್ದೇವಲ್ಲ’ ಎಂದು ಲೇತ್ ಅಂಗಡಿಗೆ ಹೋಗುವುದು ಗ್ಯಾರೇಜಿನ ಹಳೆಯ ಚಾಳಿ; ಒಮ್ಮೆ ಕೊರೆದ ಬೋರು ಮತ್ತೆ ಕಿರಿದಾಗುವುದಿಲ್ಲ. 20, 40, 60 ಥೌ ಹೀಗೆ ಮೆಟ್ಟಿಲು ಏರುತ್ತ ಹೋದರೆ ಕೊನೆಗೆ ಉಳಿಯುವುದು ಹೊಸ ಸ್ಲೀವ್ ಹಾಕಿಸುವ ದಾರಿ. 2021ರ ಕೇಂದ್ರ ನಿಯಮ ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಗಳಿಗಷ್ಟೇ ವಿಂಟೇಜ್ ಎಂಬ ಹೆಸರೂ ‘ವಿಎ’ ಅಕ್ಷರಗಳ ನಂಬರ್ ಪ್ಲೇಟೂ ಕೊಡುತ್ತದೆ; ಇಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದೆಂಬುದೂ ಅದರಲ್ಲಿ ಸೇರಿದೆ. ಮೂಲ ಬ್ಲಾಕು ಉಳಿದಷ್ಟೂ ಒಳ್ಳೆಯದು ಎಂಬ ಸಂಗ್ರಾಹಕರ ಹಟಕ್ಕೆ ಈಗ ಕಾನೂನಿನ ಒತ್ತಾಸೆಯೂ ಇದೆ. ಅನುಭವಿ ಮೇಸ್ತ್ರಿಯ ಕಾಲೇ ಸಾಕು ಎಂಬ ಇನ್ನೊಂದು ಆಕ್ಷೇಪಕ್ಕೆ ಉತ್ತರ ಸರಳ: ಆ ಕಾಲು ಇವತ್ತಿನ ಸ್ಥಿತಿ ಹೇಳುತ್ತದೆ, ಎರಡು ವರ್ಷದ ಹಿಂದಿನದನ್ನು ನೆನಪಿಟ್ಟುಕೊಳ್ಳುವುದಿಲ್ಲ. ಅದಕ್ಕೆ ಪುಸ್ತಕ ಬೇಕು. ತಾರೀಖು, ಊರು, ಯಾವ ಗೇಜು, ಇಂಜಿನ್ ಬಿಸಿಯೋ ತಣ್ಣಗೋ, ಪಿಸ್ಟನ್ ಎಷ್ಟು ಥೌ, ಮೊದಲ ಕಿಕ್ಕಿಗೆ ಎಷ್ಟು, ಮುಳ್ಳು ನಿಂತದ್ದು ಎಷ್ಟಕ್ಕೆ, ಎಷ್ಟನೆಯ ಕಿಕ್ಕಿಗೆ. ಇವುಗಳಲ್ಲಿ ಮೊದಲ ಕಿಕ್ಕಿನ ಅಂಕಿಯನ್ನೇ ಜನ ಬರೆಯದೆ ಬಿಡುವುದು ಹೆಚ್ಚು. ಸೋತ ರಿಂಗಿನ ಇಂಜಿನ್ ಮೊದಲ ಕಿಕ್ಕಿಗೆ ಕೆಳಗಿದ್ದು ಏಟಿಗೆ ಒಂದಿಷ್ಟರಂತೆ ಹತ್ತುತ್ತ ಹೋಗುತ್ತದೆ, ಸೋರುವ ವಾಲ್ವಿನದು ಮೊದಲು ನಿಂತಲ್ಲಿಂದ ಹೆಚ್ಚು ಕದಲುವುದಿಲ್ಲ.